ಒರೆಗಲ್ಲು ಯಾರ ಕೈಯಲ್ಲಿರಬೇಕು?

ಸ್ಮರಣ ಸಂಚಿಕೆಗೆ ಬರೆಯಬೇಕೆಂದಾಗ ಹಳೆಯ ವಿದ್ಯಾರ್ಥಿನಿಯು ತನ್ನ ಉಪಾಧ್ಯಾಯಿನಿಯರನ್ನೂ ಶಾಲೆಯ ಅಂಗಳವನ್ನೂ ನೆನೆದು ನಾಲ್ಕು ಮಾತು ಬರೆಯುವುದು ವಾಡಿಕೆ. ನಾನೂ ಅಂತಹ ಒಂದು ನೆನಪಿನಿಂದಲೇ ಪ್ರಾರಂಭಿಸುವೆನು. ಆದರೆ ಆ ನೆನಪು ನನ್ನನ್ನು ಕೊಂಡೊಯ್ಯುವುದು ಮಕ್ಕಳು ಆಡಿ ಬೇಸತ್ತು ಮೂಲೆಗಿಟ್ಟ ಒಂದು ಆಟದ ಯಂತ್ರದ ಬಳಿಗೆ. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಗೂ ಆಟದ ಯಂತ್ರಕ್ಕೂ ಏನು ಸಂಬಂಧವೆಂದು ಕೇಳತಕ್ಕವರು ದಯಮಾಡಿ ಕೊನೆಯವರೆಗೆ ಓದಿ ಅನಂತರ ತೀರ್ಪು ಹೇಳಬೇಕೆಂದು ಬೇಡುತ್ತೇನೆ.

ನಮ್ಮ ತರಗತಿಯ ವಿಜ್ಞಾನದ ಉಪಾಧ್ಯಾಯಿನಿಯವರು ಒಂದು ಮಳೆಗಾಲದಲ್ಲಿ ನಮ್ಮಿಂದ ಮಳೆಯ ಲೆಕ್ಕವನ್ನು ಬರೆಯಿಸಿದರು. ಮಲೆನಾಡಿನ ಹುಡುಗಿಯರಿಗೆ ಇದು ಹೊಸದಲ್ಲ. ಮೂಡಿಗೆರೆಯಲ್ಲಾಗಲಿ ಕಳಸದಲ್ಲಾಗಲಿ ಕಾಫಿ ತೋಟವುಳ್ಳ ಮನೆಗಳಲ್ಲಿ ಮಳೆಮಾಪಕವೂ ಅದರ ಪುಸ್ತಕವೂ ಇರುವುದುಂಟು. ಇಂದಿಗೂ ಎಷ್ಟೋ ಮಂದಿ ಇಷ್ಟು ಇಂಚು ಇಷ್ಟು ಸೆಂಟ್ ಮಳೆಯೆಂದೇ ಹೇಳುತ್ತಾರೆ. ನಾವು ಓಡಾಟಕ್ಕೆ ಅನುಕೂಲವೆಂದು ಮಾಪಕವನ್ನು ಸಿಲ್ವರ್ ಓಕ್ ಮರದ ಬುಡದಲ್ಲಿಟ್ಟೆವು. ವಾರದ ಕೊನೆಗೆ ನಮ್ಮ ಲೆಕ್ಕವು ಯಾರ ಮನೆಯ ಲೆಕ್ಕಕ್ಕೂ ಹೊಂದಲಿಲ್ಲ. ಮಾಪಕವು ಕೆಟ್ಟಿದೆಯೆಂದು ನಾವು ದೂರಿದೆವು. ಅವರು ಸಿಟ್ಟಾಗಲಿಲ್ಲ. “ಮಾಪಕವು ಸುಳ್ಳು ಹೇಳಲಿಲ್ಲ. ನೀವು ಮಳೆಯನ್ನು ಅಳೆಯಲಿಲ್ಲ, ಮರವನ್ನು ಅಳೆದಿರಿ” ಎಂದಷ್ಟೇ ಹೇಳಿ, ಬಯಲಿಗೆ ತೆಗೆದುಕೊಂಡು ಹೋಗಿ ಇಡಿಸಿದರು. ಶಾಲೆಯಲ್ಲಿ ಕಲಿತ ಪಾಠಗಳಲ್ಲಿ ಇದೊಂದು ನನಗೆ ಎಂದೂ ಮರೆತಿಲ್ಲ.

ಗಣಕಯಂತ್ರದ ಶಕ್ತಿಯನ್ನು ತಿಳಿಯುವುದಕ್ಕೂ ಇಂತಹ ಮಾಪಕಗಳುಂಟು. ಅವುಗಳಿಗೆ ಬೆಂಚ್‌ಮಾರ್ಕ್ ಎಂದು ಹೆಸರು. ಇದು ಮೂಲದಲ್ಲಿ ಭೂಮಿಯ ಎತ್ತರ ತಗ್ಗುಗಳನ್ನು ಅಳೆಯುವವರ ಮಾತು. ಮುಂದಿನ ಅಳತೆಗಳಿಗೆಲ್ಲ ಆಧಾರವಾಗಲೆಂದು ಅವರು ಕಲ್ಲಿನಲ್ಲಿ ಕೊರೆಯುತ್ತಿದ್ದ ಗುರುತಿಗೆ ಆ ಹೆಸರು ಬಂದಿತು. ನಮ್ಮ ಭಾಷೆಯಲ್ಲಿ ಒರೆಗಲ್ಲು ಎಂದರೆ ಭಾವವು ಪೂರ್ಣವಾಗಿ ಬರುತ್ತದೆ. ಒಂದು ಗೊತ್ತಾದ ಲೆಕ್ಕವನ್ನು ಯಂತ್ರಕ್ಕೆ ಕೊಟ್ಟು, ಅದನ್ನು ಮುಗಿಸಲು ಎಷ್ಟು ಹೊತ್ತು ಹಿಡಿಯಿತೆಂದು ನೋಡುವುದೇ ಈ ಪರೀಕ್ಷೆ. 1972ರಲ್ಲಿ ಇಂಗ್ಲೆಂಡಿನಲ್ಲಿ ರಚಿತವಾದ ವೆಟ್‌ಸ್ಟೋನ್ ದಶಾಂಶ ಸಂಖ್ಯೆಗಳ ಲೆಕ್ಕದಲ್ಲಿ ಯಂತ್ರವನ್ನು ಒರೆಗೆ ಹಚ್ಚುತ್ತದೆ. 1984ರ ಡ್ರೈಸ್ಟೋನ್ ಪೂರ್ಣಾಂಕಗಳ ಕೆಲಸದಲ್ಲಿ ಹಚ್ಚುತ್ತದೆ. ಜಾಕ್ ಡೊಂಗಾರಾ ಎಂಬ ಅಮೆರಿಕದ ವಿದ್ವಾಂಸರ ಹೆಸರಿನೊಡನೆ ಸೇರಿಹೋಗಿರುವ ಲಿನ್‌ಪ್ಯಾಕ್, ಅನೇಕ ಅವ್ಯಕ್ತಗಳುಳ್ಳ ಸಮೀಕರಣಗಳ ಗುಂಪನ್ನು ಬಿಡಿಸಲು ಹೇಳುತ್ತದೆ. ಪ್ರಪಂಚದ 500 ಅತಿ ಶಕ್ತ ಗಣಕಗಳ ಪಟ್ಟಿಯು 1993ರಿಂದ ಸಿದ್ಧವಾಗುತ್ತಿರುವುದು ಈ ಲಿನ್‌ಪ್ಯಾಕ್ ಪರೀಕ್ಷೆಯ ಆಧಾರದ ಮೇಲೆಯೇ.

ಕಾಫಿ ಬೆಳೆಯುವವರಿಗೆ ಇದನ್ನು ಬಹಳವಾಗಿ ವಿವರಿಸಬೇಕಾದುದಿಲ್ಲ. ಒಣಗಿದ ಚೆರ್ರಿಯನ್ನು ಮಾರಲು ಹೋದಾಗ ಮೂಟೆಯ ತೂಕವೊಂದನ್ನೇ ನೋಡಿ ಬೆಲೆ ಕಟ್ಟುವವರು ಯಾರೂ ಇಲ್ಲ. ಮಾದರಿಯನ್ನು ತೆಗೆದು, ಸಿಪ್ಪೆ ಬಿಡಿಸಿ, 50 ಕಿಲೋ ಮೂಟೆಗೆ ಎಷ್ಟು ಕಿಲೋ ಬೀಜ ಬರುವುದೆಂದು ನೋಡಿ, ತೇವವನ್ನೂ ನೋಡಿ, ಆಮೇಲೆ ದರದ ಮಾತು. ಇದನ್ನೇ ಔಟ್‌ಟರ್ನ್ ಎನ್ನುತ್ತೇವೆ. ಮೂಟೆಯ ತೂಕವೆಂಬುದು ಮಾರುವವನ ಮಾತು. ಔಟ್‌ಟರ್ನ್ ಎಂಬುದು ಒರೆಗಲ್ಲಿನ ಮಾತು. ಆ ಮಾದರಿಯನ್ನು ತೆಗೆಯುವಾಗ ಬೆಳೆಗಾರನು ಎದುರಿಗೆ ನಿಂತು ನೋಡಲು ಬಯಸುವುದು ಏತಕ್ಕೆಂಬುದನ್ನೂ ನಾವೆಲ್ಲ ಬಲ್ಲೆವು.

ಇನ್ನು ಆ ಆಟದ ಯಂತ್ರದ ವಿಷಯಕ್ಕೆ ಬರುತ್ತೇನೆ. 2006ನೆಯ ಇಸವಿಯ ನವೆಂಬರಿನಲ್ಲಿ ಸೋನಿ ಸಂಸ್ಥೆಯವರು ಪ್ಲೇಸ್ಟೇಷನ್ 3 ಎಂಬ ಯಂತ್ರವನ್ನು ಮಾರಾಟಕ್ಕೆ ತಂದರು. ಅದರೊಳಗಿನ ಪ್ರೊಸೆಸರಿಗೆ, ಎಂದರೆ ಲೆಕ್ಕ ಮಾಡುವ ತಿರುಳಿಗೆ, ಸೆಲ್ ಎಂದು ಹೆಸರು. ಸೋನಿ, ತೋಷಿಬಾ, ಐಬಿಎಂ ಎಂಬ ಮೂರು ಸಂಸ್ಥೆಗಳು ಕೂಡಿ ಮಾಡಿದುದು. ಈ ಸೆಲ್‌ನ ಒಳಗಣ ವ್ಯವಸ್ಥೆಯು ನಮ್ಮ ತೋಟದ ವ್ಯವಸ್ಥೆಯಂತೆಯೇ ಇತ್ತು. ಮೇಸ್ತ್ರಿಯ ಸ್ಥಾನದಲ್ಲಿ ಒಂದು ಮುಖ್ಯ ತಿರುಳು. ಅದರ ಕೈಕೆಳಗೆ ಆಳುಗಳಂತೆ ಎಂಟು ಸಹಾಯಕ ತಿರುಳುಗಳು. ಒಂದೊಂದು ಆಳಿಗೂ 256 ಕಿಲೋಬೈಟಿನ ಒಂದೊಂದು ಬುಟ್ಟಿ. ತನ್ನ ಬುಟ್ಟಿಯಲ್ಲಿರುವುದನ್ನಲ್ಲದೆ ಬೇರೆಯದನ್ನು ಆ ಆಳು ಮುಟ್ಟಲಾರದು. ದೊಡ್ಡ ರಾಶಿಯಿಂದ ಬುಟ್ಟಿಗೆ ತುಂಬಿಸುವ, ಬುಟ್ಟಿಯಿಂದ ರಾಶಿಗೆ ಸುರಿಸುವ ಏರ್ಪಾಡೆಲ್ಲವನ್ನೂ ಕ್ರಮವಿಧಿ ಬರೆಯುವವರೇ ಮಾಡಬೇಕು. ಎಂಟರಲ್ಲಿ ಒಂದನ್ನು ಕಾರ್ಖಾನೆಯಲ್ಲಿಯೇ ಮುಚ್ಚಿಬಿಡುತ್ತಿದ್ದರು. ಒಂದು ಆಳು ಊನವಾದ ಚಿಪ್ಪನ್ನೂ ಎಸೆಯದೆ ಉಪಯೋಗಿಸಲು ಇದು ಉಪಾಯ. ಮತ್ತೊಂದನ್ನು ಯಂತ್ರದ ಕಾವಲಿಗೆಂದು ಸಂಸ್ಥೆಯು ಇಟ್ಟುಕೊಂಡಿತ್ತು. ಉಳಿದವು ಆರು.

ಈ ಯಂತ್ರಕ್ಕೆ ಒಂದು ವಿಶೇಷವಿತ್ತು. ಆಟದ ತಂತ್ರಾಂಶದ ಪಕ್ಕದಲ್ಲಿ ಬೇರೊಂದು ಮೂಲ ತಂತ್ರಾಂಶವನ್ನು ಹಾಕಿಕೊಳ್ಳಲು ತಯಾರಕರೇ ಒಂದು ಬಾಗಿಲನ್ನು ಇಟ್ಟಿದ್ದರು. ಆ ಬಾಗಿಲಿನಿಂದ ಲಿನಕ್ಸ್ ಒಳಗೆ ಬಂದಿತು. ಲಿನಕ್ಸ್ ಯಾರೊಬ್ಬರ ಸೊತ್ತೂ ಅಲ್ಲದ, ಯಾರು ಬೇಕಾದರೂ ಬಿಚ್ಚಿ ಓದಿ ತಿದ್ದಬಹುದಾದ ತಂತ್ರಾಂಶವೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದಿದೆ. ಯೆಲ್ಲೋ ಡಾಗ್, ಫೆಡೋರಾ, ಉಬುಂಟು ಮುಂತಾದ ಅದರ ಬಗೆಗಳು ಈ ಆಟದ ಯಂತ್ರದ ಮೇಲೆ ನಡೆದುವು. ಆಗ ಪ್ರಪಂಚದ ನಾನಾ ಕಡೆಗಳಲ್ಲಿ ಜನರು, ಪೆಟ್ಟಿಗೆಯ ಮೇಲೆ ಬರೆದುದನ್ನು ನಂಬುವುದಕ್ಕೆ ಮೊದಲು, ಒರೆಗೆ ಹಚ್ಚಿ ನೋಡಲು ತೊಡಗಿದರು.

ಕಂಡ ಫಲಗಳು ಒಂದಕ್ಕೊಂದು ಹೊಂದದೆ ಹೋದುವು. 2005ರಲ್ಲಿ ಯಂತ್ರವನ್ನು ಪ್ರಕಟಿಸುವಾಗ, ಇದು ಒಟ್ಟಾರೆ ಸೆಕೆಂಡಿಗೆ 2 ಲಕ್ಷ ಕೋಟಿ ಲೆಕ್ಕಗಳನ್ನು ಮಾಡಬಲ್ಲುದೆಂದು ಸಾರಿದ್ದರು. ಆದರೆ ಅದರಲ್ಲಿ ಬಹುಭಾಗವು ಚಿತ್ರಗಳನ್ನು ಬಿಡಿಸುವ ಇನ್ನೊಂದು ಚಿಪ್ಪಿನ ಪಾಲು. ಆ ಚಿಪ್ಪಿನ ಶಕ್ತಿಯನ್ನು ಬಳಸಲು ಲಿನಕ್ಸಿಗೆ ಅಪ್ಪಣೆಯಿರಲಿಲ್ಲ. ಸಾಮಾನ್ಯ ಪರೀಕ್ಷಾಕ್ರಮವನ್ನು ಹಾಗೆಯೇ ಓಡಿಸಿದವರಿಗೆ ಯಂತ್ರವು ಮಂದವೆಂದು ತೋರಿತು. ಏತಕ್ಕೆಂದರೆ ಅಂತಹ ಕ್ರಮವು ಮೇಸ್ತ್ರಿಯೊಬ್ಬನಿಂದಲೇ ದುಡಿಸುತ್ತಿತ್ತು, ಆಳುಗಳು ಆರೂ ಬುಟ್ಟಿ ಹಿಡಿದು ಸುಮ್ಮನೆ ಕುಳಿತಿದ್ದುವು. ಕಷ್ಟಪಟ್ಟು ಆರು ಆಳುಗಳಿಗೂ ಕೆಲಸ ಹಂಚಿದವರಿಗೆ ಬೇರೆ ನೋಟ. ಸುಮಾರು 7 ಅಂಕಿಗಳ ನಿಖರತೆ ಸಾಕೆನ್ನುವ ಲೆಕ್ಕದಲ್ಲಿ ಆ ಆರರ ಗರಿಷ್ಠ ಶಕ್ತಿ ಸೆಕೆಂಡಿಗೆ 15,360 ಕೋಟಿ. ಆದರೆ ವಿಜ್ಞಾನಿಗಳಿಗೆ ಬೇಕಾಗುವ ಸುಮಾರು 15 ಅಂಕಿಗಳ ನಿಖರತೆಯನ್ನು ಕೇಳಿದೊಡನೆ ಅದೇ ಆರು ಆಳುಗಳ ಶಕ್ತಿಯು ಸೆಕೆಂಡಿಗೆ ಸುಮಾರು 1,100 ಕೋಟಿಗೆ ಇಳಿಯುತ್ತಿತ್ತು. ಸಾರಿದ ಸಂಖ್ಯೆಯಲ್ಲಿ ಇದು ಸುಮಾರು ನೂರೆಂಬತ್ತರಲ್ಲಿ ಒಂದು ಪಾಲು ಮಾತ್ರ.

ಇವರಲ್ಲಿ ಸುಳ್ಳು ಹೇಳಿದವರು ಯಾರು? ನನ್ನ ಅಭಿಪ್ರಾಯದಲ್ಲಿ ಯಾರೂ ಇಲ್ಲ. ಆಟದ ತೆರೆಯ ಮೇಲೆ ಚೆಂಡು ಕೂದಲೆಳೆಯಷ್ಟು ಆಚೆ ಬಿದ್ದರೆ ಯಾರಿಗೂ ನಷ್ಟವಿಲ್ಲ. ಅದಕ್ಕೆ ಏಳಂಕಿ ಧಾರಾಳವಾಗಿ ಸಾಕು. ಈ ಆಳುಗಳು ಏಳಂಕಿಯ ಲೆಕ್ಕದಲ್ಲಿ ಕೊನೆಯ ಅಂಕಿಯ ಮುಂದಿನ ಚೂರನ್ನು ಸರಿಹೊಂದಿಸದೆ ಕತ್ತರಿಸಿಯೇ ಬಿಡುತ್ತಿದ್ದುವು. ಪೈಸೆಗಳನ್ನು ಬಿಟ್ಟು ರೂಪಾಯಿಗಳನ್ನು ಮಾತ್ರ ಬರೆಯುವ ಗುಮಾಸ್ತನಂತೆ. ಒಂದು ಸಾಲಿನಲ್ಲಿ ಅದು ದೋಷವಲ್ಲ. ಕೋಟಿ ಸಾಲುಗಳ ಲೆಕ್ಕದಲ್ಲಿ ಮಾತ್ರ ಬಾಕಿಯು ಬೆಳೆಯುತ್ತದೆ. ಆದಕಾರಣ ಸಂಖ್ಯೆಗಳೆಲ್ಲವೂ ನಿಜ. ಆದರೆ ಪ್ರತಿಯೊಂದೂ ತಾನು ನಿಂತ ಸ್ಥಳದ ನಿಜ. ಬಯಲಿನಲ್ಲಿಟ್ಟ ಮಾಪಕ ಒಂದು, ಮರದ ಬುಡದಲ್ಲಿಟ್ಟ ಮಾಪಕ ಇನ್ನೊಂದು.

ಯಂತ್ರದ ಸ್ಮರಣೆಯ ಇತಿಮಿತಿಯನ್ನೂ ನೋಡಬೇಕು. ಅದರ ಮುಖ್ಯ ಸ್ಮರಣೆ 256 ಮೆಗಾಬೈಟ್ ಮಾತ್ರ. ನಮ್ಮ ಹತ್ತನೆಯ ತರಗತಿಯ ಹುಡುಗಿಯು ಎರಡು ಅವ್ಯಕ್ತಗಳ ಸಮೀಕರಣವನ್ನು ಬಿಡಿಸುತ್ತಾಳೆ. ಲಿನ್‌ಪ್ಯಾಕ್ ಪರೀಕ್ಷೆಯಲ್ಲಿ 5,000 ಅವ್ಯಕ್ತಗಳನ್ನು ಕೊಟ್ಟರೆ, 5,000ವನ್ನು 5,000ದಿಂದ ಗುಣಿಸಿದ ಎರಡೂವರೆ ಕೋಟಿ ಸಂಖ್ಯೆಗಳನ್ನು ಬರೆದಿಡಬೇಕು. ಒಂದಕ್ಕೆ 8 ಬೈಟಿನಂತೆ 20 ಕೋಟಿ ಬೈಟು. ಯಂತ್ರದ ಹೊಟ್ಟೆ ಅಲ್ಲಿಗೆ ಹೆಚ್ಚುಕಡಮೆ ತುಂಬಿತು. ಬಿಡಿಸಲು ಬೇಕಾಗುವ ಲೆಕ್ಕಗಳು ಸುಮಾರು 8,300 ಕೋಟಿ; ಪೂರ್ಣ ವೇಗದಿಂದ ಓಡಿದರೆ 8 ಸೆಕೆಂಡಿನೊಳಗೆ ಮುಗಿಯತಕ್ಕದ್ದು. ಎಂಟು ಸೆಕೆಂಡು ಓಡಿದವನ ದಮ್ಮನ್ನು ನೋಡಿ ಕಳಸದಿಂದ ಚಿಕ್ಕಮಗಳೂರಿನವರೆಗೆ ನಡೆಯಬಲ್ಲನೆಂದು ಹೇಳಲಾಗುವುದೇ? ಅದಕ್ಕಾಗಿಯೇ ಬಲ್ಲವರು ಒಂದೇ ಪರೀಕ್ಷೆಯನ್ನು ಗಂಟೆಗಟ್ಟಲೆ ಮತ್ತೆ ಮತ್ತೆ ನಡೆಸಿ, ಯಂತ್ರವು ಬಿಸಿಯೇರಿದ ಮೇಲೆ ಏನಾಗುವುದೆಂದು ನೋಡುತ್ತಾರೆ.

ಕುಂದನ್ನು ಕಂಡವರು ಕೈಕಟ್ಟಿ ಕೂರಲಿಲ್ಲ. ಟೆನೆಸಿ ವಿಶ್ವವಿದ್ಯಾಲಯದಲ್ಲಿ ಡೊಂಗಾರಾ ಅವರೂ ಅವರ ಸಂಗಡಿಗರೂ, ಲೆಕ್ಕದ ಬಹುಭಾಗವನ್ನು ವೇಗವಾದ ಏಳಂಕಿಯಲ್ಲಿಯೇ ಮಾಡಿ, ಆಮೇಲೆ ಉಳಿದ ತಪ್ಪನ್ನು ಹದಿನೈದಂಕಿಯಲ್ಲಿ ತಿದ್ದಿ ತಿದ್ದಿ ಸರಿಪಡಿಸುವ ಕ್ರಮವನ್ನು ಈ ಯಂತ್ರದ ಮೇಲೆ ನಡೆಸಿ ತೋರಿಸಿದರು. 2007ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಡಾರ್ಟ್‌ಮತ್ ವಿಶ್ವವಿದ್ಯಾಲಯದ ಗೌರವ್ ಖನ್ನಾ ಅವರು ಎಂಟು ಪ್ಲೇಸ್ಟೇಷನ್‌ಗಳನ್ನು ಲಿನಕ್ಸಿನಿಂದ ಒಟ್ಟುಗೂಡಿಸಿ ಕಪ್ಪುಕುಳಿಗಳ ಗಣಿತವನ್ನು ಮಾಡಿದರು. 2008ರಲ್ಲಿ, ಹದಿನೈದಂಕಿಯ ಲೆಕ್ಕದ ದೌರ್ಬಲ್ಯವನ್ನು ನೀಗಿಸಿದ ಹೊಸ ಸೆಲ್ ಚಿಪ್ಪುಗಳಿಂದ ಕಟ್ಟಿದ ರೋಡ್‌ರನ್ನರ್ ಎಂಬ ಗಣಕವು, ಲಿನ್‌ಪ್ಯಾಕ್ ಒರೆಗಲ್ಲಿನ ಮೇಲೆ ಸೆಕೆಂಡಿಗೆ ಹತ್ತು ಕೋಟಿ ಕೋಟಿ ಲೆಕ್ಕಗಳ ಗಡಿಯನ್ನು ಪ್ರಪಂಚದಲ್ಲಿಯೇ ಮೊದಲು ದಾಟಿತು. 2010ರಲ್ಲಿ ಅಮೆರಿಕದ ವಾಯುಪಡೆಯ ಸಂಶೋಧನಾಲಯವು 1,760 ಪ್ಲೇಸ್ಟೇಷನ್‌ಗಳನ್ನು ಕೂಡಿಸಿ ಕಾಂಡರ್ ಎಂಬ ಗಣಕಸಮೂಹವನ್ನೇ ಕಟ್ಟಿತು. ಮಕ್ಕಳ ಆಟಿಕೆಯು ಇಷ್ಟಕ್ಕೆಲ್ಲ ಒದಗೀತೆಂದು ಪೆಟ್ಟಿಗೆಯ ಮೇಲೆ ಯಾರೂ ಬರೆದಿರಲಿಲ್ಲ. ಒರೆಗೆ ಹಚ್ಚಿದವರು ಕಂಡುಕೊಂಡರು.

ಆದರೆ ಅದೇ ವರ್ಷ ಆ ಬಾಗಿಲು ಮುಚ್ಚಿತು. 2009ರಲ್ಲಿ ಬಂದ ತೆಳ್ಳನೆಯ ಹೊಸ ಮಾದರಿಯಲ್ಲಿ ಲಿನಕ್ಸಿನ ಬಾಗಿಲೇ ಇರಲಿಲ್ಲ. 2010ರ ಏಪ್ರಿಲ್ 1ರಂದು 3.21 ಎಂಬ ಸಂಖ್ಯೆಯ ತಂತ್ರಾಂಶವು ಹೊರಟು, ಹಳೆಯ ಯಂತ್ರಗಳಲ್ಲಿದ್ದ ಬಾಗಿಲನ್ನೂ ತೆಗೆದುಹಾಕಿತು. ಹೊಸ ತಂತ್ರಾಂಶವನ್ನು ಹಾಕಿಕೊಳ್ಳದವರು ಸಂಸ್ಥೆಯ ಆಟದ ಜಾಲವನ್ನು ಬಿಡಬೇಕಾಯಿತು. ಹಾಕಿಕೊಂಡವರು ಲಿನಕ್ಸನ್ನು ಬಿಡಬೇಕಾಯಿತು. ಹಣ ಕೊಟ್ಟು ಕೊಂಡ ದಿನ ಇದ್ದ ಎರಡು ಸೌಕರ್ಯಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಿತು. ಅಮೆರಿಕದಲ್ಲಿ ಬಳಕೆದಾರರು ನ್ಯಾಯಾಲಯಕ್ಕೆ ಹೋದರು. ಬಹು ವರ್ಷಗಳ ಮೇಲೆ, 2018ರಲ್ಲಿ, 37.5 ಲಕ್ಷ ಡಾಲರುಗಳ ರಾಜಿಯಿಂದ ಆ ವ್ಯಾಜ್ಯವು ಕೊನೆಗಂಡಿತು.

ಸಂಸ್ಥೆಯ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳುಂಟು. ಆ ಬಾಗಿಲಿನ ಮೂಲಕ ಯಂತ್ರದ ಕಾವಲನ್ನು ಮುರಿಯುವ ಪ್ರಯತ್ನಗಳು ನಡೆದಿದ್ದುವು; ಭದ್ರತೆಗಾಗಿ ಮುಚ್ಚಿದೆವೆಂದು ಅವರು ಹೇಳಿದರು. ಮೊದಲ ವರ್ಷಗಳಲ್ಲಿ ಈ ಯಂತ್ರವು ತಯಾರಿಕೆಯ ವೆಚ್ಚಕ್ಕಿಂತ ಕಡಮೆಗೆ ಮಾರಾಟವಾಗುತ್ತಿತ್ತು. ಆಟಗಳ ಮಾರಾಟದಿಂದ ಆ ನಷ್ಟವನ್ನು ತುಂಬಿಕೊಳ್ಳಬೇಕಾಗಿತ್ತು. ಸಾವಿರ ಯಂತ್ರ ಕೊಂಡು ಒಂದು ಆಟವನ್ನೂ ಕೊಳ್ಳದ ವಿಜ್ಞಾನಿಯಿಂದ ಅವರಿಗೆ ಲಾಭವಿರಲಿಲ್ಲ. ಇದೆಲ್ಲವನ್ನೂ ಒಪ್ಪುತ್ತೇನೆ. ಹೊಸದಾಗಿ ಮಾಡುವ ಯಂತ್ರದಲ್ಲಿ ಬಾಗಿಲಿಡುವುದೂ ಬಿಡುವುದೂ ತಯಾರಕರ ಇಷ್ಟ. ಆದರೆ ಮಾರಿ ಹಣ ಎಣಿಸಿಕೊಂಡ ಮೇಲೆ ಕೊಂಡವರ ಮನೆಯೊಳಗಿನ ಬಾಗಿಲಿಗೆ ಗೋಡೆ ಕಟ್ಟುವುದು ಧರ್ಮವಲ್ಲವೆಂಬುದೇ ನನ್ನ ದೃಢವಾದ ಅಭಿಪ್ರಾಯ. ಔಟ್‌ಟರ್ನ್ ನೋಡುವ ಹೊತ್ತಿಗೆ ಬೆಳೆಗಾರನನ್ನು ಹೊರಗೆ ನಿಲ್ಲಿಸಿದರೆ ನಾವು ಸುಮ್ಮನಿರುವೆವೇ? ಬಾಗಿಲಿಡುವುದು ಅಸಾಧ್ಯವೆಂದೂ ಹೇಳುವಂತಿಲ್ಲ. 2022ರಲ್ಲಿ ವಾಲ್ವ್ ಸಂಸ್ಥೆಯವರು ತಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಆಟದ ಯಂತ್ರವು ಲಿನಕ್ಸಿನ ಮೇಲೆಯೇ ನಡೆಯುತ್ತದೆ, ಕೊಂಡವರು ತಮಗೆ ಬೇಕಾದ ಕ್ರಮವಿಧಿಯನ್ನು ಅದರಲ್ಲಿ ಓಡಿಸಬಹುದು.

ಇದು ದೂರದೇಶದ ಕಥೆ, ನಮಗೇನು ಎನ್ನಬಾರದು. ಬೆಂಗಳೂರಿನಲ್ಲಿ ಈಗ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಎಂದು ಕರೆಯಲ್ಪಡುವ ಸಂಸ್ಥೆಯಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, 1986ರಲ್ಲಿ ಯು. ಎನ್. ಸಿನ್ಹಾ ಅವರೂ ಸಂಗಡಿಗರೂ ಫ್ಲೋಸಾಲ್ವರ್ ಎಂಬ ಗಣಕವನ್ನು ಕಟ್ಟಿದರು. ಅನೇಕ ಪ್ರೊಸೆಸರುಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವ ಇಂತಹ ಯಂತ್ರವು ನಮ್ಮ ದೇಶದಲ್ಲಿ ಅದೇ ಮೊದಲನೆಯದೆಂದು ಹೆಸರಾಯಿತು. ಅದರಲ್ಲಿದ್ದುವು ಅಂದಿನ ಮೇಜಿನ ಗಣಕಗಳ ಕುಲಕ್ಕೇ ಸೇರಿದ ಇಂಟೆಲ್ 8086 ಚಿಪ್ಪುಗಳು. ಹೆಸರೇ ತೋರಿಸುವಂತೆ, ಗಾಳಿ ನೀರುಗಳ ಹರಿವಿನ ಸಮೀಕರಣಗಳನ್ನು ಬಿಡಿಸುವುದೇ ಅದರ ಉದ್ದೇಶ. ಮುಂದೆ ಅದೇ ಬಳಗವು ಮಳೆಗಾಲದ ಮುನ್ಸೂಚನೆಗಾಗಿ ವರ್ಷಾ ಎಂಬ ಗಣಿತಮಾದರಿಯನ್ನು ರೂಪಿಸಿತು. ಹರಿವಿನ ಲೆಕ್ಕಕ್ಕಾಗಿ ಕಟ್ಟಿದ ಯಂತ್ರಕ್ಕೆ ಹರಿವಿನ ಲೆಕ್ಕವೇ ಒರೆಗಲ್ಲು. ಏಪ್ರಿಲಿನ ಹೂಮಳೆಗಾಗಿ ಆಕಾಶ ನೋಡುವ ನಮಗೆ, ಯಂತ್ರವು ಪಟ್ಟಿಯಲ್ಲಿ ಎಷ್ಟನೆಯದೆಂಬುದಕ್ಕಿಂತ ಮಳೆಯ ಲೆಕ್ಕವನ್ನು ಅದು ಎಷ್ಟು ಚೆನ್ನಾಗಿ ಮಾಡಿತೆಂಬುದೇ ಮುಖ್ಯವಲ್ಲವೇ?

ಈಗ ಪೋಷಕರಲ್ಲಿ ಒಂದು ಮಾತು. ನಮ್ಮ ಮನೆಗಳಲ್ಲಿ ಆಟದ ಯಂತ್ರವನ್ನು ಕೊಳ್ಳುವುದು ಸಾಧಾರಣವಾಗಿ ಗಂಡುಮಗನ ಹೆಸರಿನಲ್ಲಿ. ಮಗನು ಆಡುತ್ತಾನೆ, ಮಗಳು ಪಕ್ಕದಲ್ಲಿ ಕುಳಿತು ನೋಡುತ್ತಾಳೆ. ಯಂತ್ರವು ಕೆಟ್ಟರೆ ಅದನ್ನು ಬಿಚ್ಚುವ ಅಪ್ಪಣೆಯೂ ಅವನಿಗೇ. ಅವಳು ತಿರುಪುಳಿಯನ್ನು ಕೈಗೆತ್ತಿಕೊಂಡರೆ “ಇರಲಿ ಬಿಡಮ್ಮ, ಅಣ್ಣ ಬರಲಿ” ಎನ್ನುತ್ತೇವೆ. ಈ ಒಂದು ಮಾತಿನಿಂದ ಆಗುವ ನಷ್ಟವನ್ನು ನಾವು ಲೆಕ್ಕ ಹಾಕಿಲ್ಲ. ಹೇಳಿದ ಸಂಖ್ಯೆಯನ್ನು ಒಪ್ಪಿಕೊಳ್ಳುವುದೇ ತನ್ನ ಪಾಲೆಂದು ಬಾಲ್ಯದಲ್ಲಿ ಕಲಿತ ಹುಡುಗಿಯು, ನಾಳೆ ಬ್ಯಾಂಕಿನವರು ಹೇಳಿದ ಬಡ್ಡಿಯನ್ನೂ, ಔಷಧದ ಪೆಟ್ಟಿಗೆಯ ಮೇಲಿನ ಹೊಗಳಿಕೆಯನ್ನೂ, ತೋಟ ಕೊಳ್ಳಲು ಬಂದವನು ಹೇಳಿದ ಇಳುವರಿಯನ್ನೂ ಹಾಗೆಯೇ ಒಪ್ಪಿಕೊಳ್ಳುತ್ತಾಳೆ.

ಆಟದಿಂದ ಮಕ್ಕಳು ಕೆಡುವರೆಂಬ ಭಯ ನನಗೂ ಇದೆ. ಆದರೆ ಯಂತ್ರವನ್ನು ಒರೆಗೆ ಹಚ್ಚುವುದು ಆಟವಲ್ಲ. ಅದು ತಾಳ್ಮೆಯ ಕೆಲಸ. ಖರ್ಚಿನ ಮಾತೆತ್ತುವವರಿಗೆ ಉತ್ತರವಿದು: ಪ್ಲೇಸ್ಟೇಷನ್ 3ರ ತಯಾರಿಕೆ ನಿಂತು ವರ್ಷಗಳಾದುವು, ಅದನ್ನು ಹುಡುಕಿಕೊಂಡು ಹೋಗಬೇಕಾದುದಿಲ್ಲ, ಮನೆಯಲ್ಲಿ ಮೂಲೆಗೆ ಬಿದ್ದ ಯಾವ ಹಳೆಯ ಲ್ಯಾಪ್‌ಟಾಪಾದರೂ ಸಾಕು, ಲಿನಕ್ಸಿಗೆ ಹಣವೂ ಬೇಡ. ವಿದ್ಯುತ್ತಿನ ಮಾತಂತೂ ನಮ್ಮ ಬೆಟ್ಟಗಳಲ್ಲಿ ಒಳ್ಳೆಯ ಒರೆಗಲ್ಲೇ ಆಗುತ್ತದೆ. ಆ ಹಳೆಯ ಪ್ಲೇಸ್ಟೇಷನ್ ಆಡುವಾಗ ಸುಮಾರು 200 ವಾಟ್ ಎಳೆಯುತ್ತಿತ್ತು, ಎಂದರೆ ಐದು ಗಂಟೆಗೆ ಒಂದು ಯೂನಿಟ್. ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದು, ಬ್ಯಾಟರಿಯ ಮೇಲೆ ಮನೆ ನಡೆಯುವ ದಿನಗಳಲ್ಲಿ, ಒಂದು ಸೆಕೆಂಡಿಗೆ ಎಷ್ಟು ಲೆಕ್ಕವೆಂಬುದಕ್ಕಿಂತ ಒಂದು ಯೂನಿಟ್ಟಿಗೆ ಎಷ್ಟು ಲೆಕ್ಕವೆಂಬ ಪ್ರಶ್ನೆಯೇ ದೊಡ್ಡದು. ಇದೇ ದೃಷ್ಟಿಯಿಂದ ಮಹಾಗಣಕಗಳನ್ನು ಹೋಲಿಸುವ ಗ್ರೀನ್ 500 ಎಂಬ ಪಟ್ಟಿಯೂ 2007ರಿಂದ ಇದೆ.

ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನ ಸೂಚನೆಯು ಸಣ್ಣದು. ನಾವು ಬಳಸಿ ಬಿಟ್ಟ ಗಣಕಗಳನ್ನು ಗುಜರಿಗೆ ಹಾಕದೆ ಶಾಲೆಗೆ ಕೊಡೋಣ. ಎಂಟನೆಯ ತರಗತಿಯ ಹುಡುಗಿಯರು ಅವುಗಳಲ್ಲಿ ತಾವೇ ಲಿನಕ್ಸನ್ನು ಹಾಕಲಿ. ಒಂದೇ ಲೆಕ್ಕವನ್ನು ಎಲ್ಲ ಯಂತ್ರಗಳಿಗೂ ಕೊಟ್ಟು ಹೊತ್ತನ್ನು ಅಳೆಯಲಿ. ಅದಕ್ಕೆ ಒಂದು ಪುಸ್ತಕವಿರಲಿ. ಅದರಲ್ಲಿ ಯಂತ್ರದ ಹೆಸರು, ಸ್ಮರಣೆಯ ಗಾತ್ರ, ಕೋಣೆಯ ಉಷ್ಣತೆ, ಎಷ್ಟು ಸಲ ಓಡಿಸಿದರು, ಒಂದೊಂದು ಸಲದ ಹೊತ್ತು ಎಷ್ಟು ಎಂಬುದೆಲ್ಲ ದಾಖಲಾಗಲಿ. ಚೆನ್ನಾಗಿ ಬಂದ ಫಲವನ್ನು ಬರೆದು ಕೆಟ್ಟ ಫಲವನ್ನು ಮುಚ್ಚಿಡಬಾರದೆಂಬುದು ಮೊದಲ ನಿಯಮವಾಗಲಿ. ಎರಡನೆಯ ನಿಯಮ, ಸಂಖ್ಯೆಯ ಪಕ್ಕದಲ್ಲಿ ಯಾವ ಕೆಲಸಕ್ಕಾಗಿ ಅಳೆದೆವೆಂಬುದನ್ನು ತಪ್ಪದೆ ಬರೆಯತಕ್ಕದ್ದು.

ನಮ್ಮ ಉಪಾಧ್ಯಾಯಿನಿಯವರು ಬಯಲಿನಲ್ಲಿ ಇಡಿಸಿದ ಆ ಮಳೆಮಾಪಕಕ್ಕೆ ಸರದಿಯಂತೆ ಒಬ್ಬೊಬ್ಬಳು ಹುಡುಗಿ ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದು ಹೋಗಿ ನೀರನ್ನು ಅಳೆದು ಬರುತ್ತಿದ್ದಳು. ಪುಸ್ತಕದಲ್ಲಿ ಅಂಕಿಯ ಮುಂದೆ ಅವಳದೇ ರುಜು. ಅಂಕಿ ತಪ್ಪಾದರೆ ಕೇಳುವುದು ಅವಳನ್ನೇ. ಆದುದರಿಂದ ಅವಳು ಎರಡು ಸಲ ನೋಡಿ ಬರೆಯುತ್ತಿದ್ದಳು. ಒರೆಗಲ್ಲು ಯಾರ ಕೈಯಲ್ಲಿರಬೇಕೆಂದು ಕೇಳಿದರೆ, ಆ ರುಜು ಹಾಕುವ ಕೈಯಲ್ಲಿ ಎಂದು ನಾನು ಹೇಳುವೆನು.